ಮುಖದ ಮೇಲೆ ಉಪ್ಪಿಟ್ಟು

ವಕೀಲರು ಮೊಬೈಲನ್ನು ಮೇಷ್ಟರ ಮೂಗಿನ ತನಕ ಹಿಡಿದರು. ಪರದೆಯಲ್ಲಿ ಒಂದು ಪಿಂಗಾಣಿ ತಟ್ಟೆ, ತಟ್ಟೆಯ ತುಂಬ ಒಬ್ಬ ಹೆಂಗಸಿನ ಮುಖ. ಬೆರಳಾಡಿಸಿದರೆ ಅದೇ ಮುಖ ಕಣ್ಣು ಹೊಡೆಯಿತು. ಇನ್ನೊಮ್ಮೆ ಆಡಿಸಿದರೆ ಮೀಸೆ ಬಂತು.

"ಮಾಡಿದವನ ಹೆಂಡತಿಯೋ?"

"ಅಲ್ಲ ಮೇಷ್ಟ್ರೇ. ಲೀನಾ ಕವಾಲಿಯೇರಿ, ಇಟಲಿಯ ಒಪೆರಾ ಗಾಯಕಿ. ಮಿಲಾನಿನ ಕಲಾವಿದ ಪಿಯೆರೊ ಫೋರ್ನಾಸೆಟ್ಟಿಗೆ ಹಳೆಯ ಪತ್ರಿಕೆಯೊಂದರಲ್ಲಿ ಈ ಮುಖ ಸಿಕ್ಕಿತು. 350ಕ್ಕೂ ಹೆಚ್ಚು ಬಗೆಯಲ್ಲಿ ಚಿತ್ರಿಸಿದ."

"ಮನೆಯಲ್ಲಿದ್ದವಳು ಸುಮ್ಮನಿದ್ದಳೇ?" ಎಂದರು ಬ್ಯಾಂಕಿನ ಮೇಡಂ.

ಮೇಷ್ಟರ ಚಿಂತೆ ಬೇರೆಯದು. "ಉಪ್ಪಿಟ್ಟನ್ನು ಎಲ್ಲಿ ಬಡಿಸುವುದು? ಹಣೆಗೋ, ಕೆನ್ನೆಗೋ? ಚಟ್ನಿ ಹರಿದು ಕಣ್ಣಿಗೆ ಹೋದರೆ?"

"ತಿನ್ನುವುದಕ್ಕಲ್ಲ, ಗೋಡೆಗೆ ತೂಗುಹಾಕುವುದಕ್ಕೆ."

"ಹಾಗಾದರೆ ನಾನು ಏಕೆ ನೋಡಬೇಕು?"

ಇಷ್ಟಕ್ಕೇ ಬಿಡದೆ ವಕೀಲರು ಆದಾಮನನ್ನು ಸಾಕ್ಷಿಗೆ ಕರೆದರು. ಫೋರ್ನಾಸೆಟ್ಟಿಯದೇ ಹನ್ನೆರಡು ತಟ್ಟೆಗಳ ಒಂದು ಸೆಟ್ಟಂತೆ. ಒಟ್ಟಿಗೆ ಜೋಡಿಸಿದರೆ ಆದಾಮನ ಇಡೀ ಮೈ. ಈವಳಿಗೂ ಬೇರೆ ಹನ್ನೆರಡು.

"ತೊಳೆಯುವಾಗ ಒಂದು ಒಡೆದರೆ ಆದಾಮನಿಗೆ ಮೊಣಕಾಲೇ ಇಲ್ಲ" ಎಂದರು ಮೇಡಂ.

"ಅದಿರಲಿ, ಬೀಗರ ಊಟಕ್ಕೆ ಇವನ್ನು ಹಾಕಿದರೆ? ಗಂಡಿನ ಸೋದರಮಾವನಿಗೆ ತಲೆಯ ತಟ್ಟೆಯೇ ಬರಬೇಕು. ಪಾದ ಬಂದರೆ ಮದುವೆ ನಿಂತಿತು!"

ನಾನು ಫೋರ್ನಾಸೆಟ್ಟಿಯ ಪರ. ಆ ಕಾಲದ ಹೊಸ ವಿನ್ಯಾಸದ ಪಂಡಿತರು ಪೀಠೋಪಕರಣವೆಂದರೆ ಬೋಳಾಗಿರಬೇಕು ಎನ್ನುತ್ತಿದ್ದರು. ಇವನು ಖಾಲಿ ಜಾಗ ಕಂಡರೆ ಬಿಡುತ್ತಿರಲಿಲ್ಲ. ಕುರ್ಚಿ, ಮಡಚುವ ಪರದೆ, ಕೊಡೆ ಇಡುವ ಡಬ್ಬ, ಯಾವುದೂ ತಪ್ಪಿಸಿಕೊಳ್ಳಲಿಲ್ಲ. 1951ರಲ್ಲಿ ವಾಸ್ತುಶಿಲ್ಪಿ ಜಿಯೊ ಪಾಂಟಿಯೊಂದಿಗೆ ಮಾಡಿದ ಎತ್ತರದ ಬೀರುವನ್ನೇ ನೋಡಿ. ಹೊರಗೆಲ್ಲ ಕಪ್ಪು ಬಿಳುಪಿನಲ್ಲಿ ಅರಮನೆಯ ಕಂಬ, ಕಿಟಕಿ. ಮುಂಭಾಗದ ಹಲಗೆಯನ್ನು ಕೆಳಗಿಳಿಸಿದರೆ ಬರೆಯುವ ಮೇಜಾಗುತ್ತದೆ, ಒಳಗೆ ಮತ್ತಷ್ಟು ಕಮಾನುಗಳು. ಕೆತ್ತನೆ ಒಂದು ಎಳೆಯೂ ಇಲ್ಲ. ಕಲ್ಲಚ್ಚಿನಲ್ಲಿ ಮುದ್ರಿಸಿದ ಚಿತ್ರವನ್ನು ಮರಕ್ಕೆ ಇಳಿಸಿ, ಕೈಯಿಂದ ತಿದ್ದಿ, ಮೇಲೆ ಮೆರುಗೆಣ್ಣೆ ಹಚ್ಚಿದ್ದು. ಮರ ಇಷ್ಟು ಠೀವಿಯಿಂದ ಸುಳ್ಳು ಹೇಳುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

"ಬಾಗಿಲು ಯಾವುದು, ಬಾಗಿಲಿನ ಚಿತ್ರ ಯಾವುದು? ಕತ್ತಲಲ್ಲಿ ಮಾತ್ರೆ ಹುಡುಕುವವನ ಗತಿಯೇನು?" ಮೇಷ್ಟರು ಮಣಿಯಲಿಲ್ಲ.

"1932ರಲ್ಲಿ ಮಿಲಾನಿನ ಬ್ರೆರಾ ಕಲಾಶಾಲೆಯವರು ಇವನನ್ನು ಅವಿಧೇಯನೆಂದು ಹೊರಹಾಕಿದ್ದರು" ಎಂದರು ವಕೀಲರು, ಬಿರುದು ಓದುವ ಧಾಟಿಯಲ್ಲಿ.

"ಹೊರಹಾಕಿಸಿಕೊಂಡವನಿಗೆ ಹೊಗಳಿಕೆ. ಅಲ್ಲಿಯವರೆಗೆ ಅವನಿಗೆ ಪಾಠ ಹೇಳಿದವರ ಪಾಡನ್ನು ಒಬ್ಬರಾದರೂ ಬರೆದಿದ್ದಾರೆಯೇ?" ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸವೆದವರ ಮಾತು. ಯಾರೂ ಎದುರಾಡಲಿಲ್ಲ.

ಮೇಡಂ ಆಗಲೇ ಮೊಬೈಲನ್ನು ಕಿತ್ತುಕೊಂಡು ಕಣ್ಣು ಹೊಡೆಯುವ ತಟ್ಟೆಯನ್ನು ಹಿಗ್ಗಿಸಿ ನೋಡುತ್ತಿದ್ದರು.

"ನಮ್ಮ ಸ್ಟೀಲ್ ಪಾತ್ರೆಗಳ ಮೇಲೆಲ್ಲ ಹೆಸರು ಕೆತ್ತಿಸಿದ್ದೇನೆ. ಆದರೂ ಕೋಸಂಬರಿ ಹಾಕಿ ಕೊಟ್ಟ ಡಬ್ಬಿ ಪಕ್ಕದ ಮನೆಯಿಂದ ವಾಪಸಾಗುವುದಿಲ್ಲ. ಹೆಸರಿನ ಬದಲು ನನ್ನ ಮುಖವನ್ನೇ ಕೆತ್ತಿಸುತ್ತೇನೆ. ಅವರು ಮುಚ್ಚಳ ತೆರೆದಾಗಲೆಲ್ಲ ದುರುಗುಟ್ಟಿ ನೋಡಬೇಕು."