ಹೆಡ್‌ಮಾಸ್ಟರರ ಆಡಳಿತ ತರಬೇತಿ ಫಲ ಕೊಟ್ಟಿದೆಯೇ, ತಿಳಿಯುವುದು ಹೇಗೆ?

ಪ್ರಶ್ನೆ: ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮಾಧ್ಯಮ ಹೈಸ್ಕೂಲುಗಳ ಹೆಡ್‌ಮಾಸ್ಟರರಿಗೆ ಕೊಡುವ ಆಡಳಿತ ತರಬೇತಿಯ ಪರಿಣಾಮ ಅಳೆಯಲು ಕೊನೆಯ ದಿನದ ಅಭಿಪ್ರಾಯ ಪತ್ರ ಸಾಕೇ?

ಉತ್ತರ 1: ಸಾಲದು. ತರಗತಿ ಹಿಡಿಸಿತೇ ಎಂಬುದಷ್ಟೇ ಅದರಿಂದ ಗೊತ್ತಾಗುತ್ತದೆ. ತರಬೇತಿಯ ಪರಿಣಾಮ ಅಳೆಯುವ ಕಿರ್ಕ್‌ಪ್ಯಾಟ್ರಿಕ್ ಮಾದರಿಯಲ್ಲಿ 4 ಹಂತಗಳು: ಪ್ರತಿಕ್ರಿಯೆ, ಕಲಿಕೆ, ನಡವಳಿಕೆ, ಫಲಿತಾಂಶ. ನಮ್ಮವರು ಮೊದಲನೆಯದರಲ್ಲೇ ನಿಲ್ಲುತ್ತಾರೆ, ನನಗೆ ಬೇಸರವಾಗುವುದು ಅಲ್ಲೇ. 3 ತಿಂಗಳು ಬಿಟ್ಟು ಶಾಲೆಗೇ ಹೋಗಿ ಎಸ್.ಆರ್.ಜಿ. (ಪಾಠದ ವಿಚಾರ ಚರ್ಚಿಸುವ ಶಿಕ್ಷಕರ ಗುಂಪು) ಸಭೆಯ ನಡಾವಳಿ ಪುಸ್ತಕ ತೆರೆಯಿರಿ. "ಚರ್ಚಿಸಲಾಯಿತು" ಎಂದಷ್ಟೇ ಇದ್ದರೆ ಏನೂ ಬದಲಾಗಿಲ್ಲ. ಯಾರು, ಯಾವ ತರಗತಿಗೆ, ಯಾವ ತಾರೀಕಿನೊಳಗೆ ಎಂದು ಬರೆದು, ಮುಂದಿನ ಸಭೆಯಲ್ಲಿ ಅದನ್ನೇ ವಿಚಾರಿಸಿದ್ದರೆ ತರಬೇತಿ ಹತ್ತಿದೆ ಎನ್ನಬಹುದು. ತರಬೇತಿಗೆ ಮುಂಚಿನ ಪುಟಗಳನ್ನೂ ನೋಡಿ, ಇಲ್ಲದಿದ್ದರೆ ಹೋಲಿಸಲು ಆಧಾರವಿರುವುದಿಲ್ಲ.

ಉತ್ತರ 2: ಫಲಿತಾಂಶವೆಂದು ಎಸ್.ಎಸ್.ಎಲ್.ಸಿ. ಶೇಕಡಾವಾರು ಹಿಡಿಯಬೇಡಿ. ಕೇರಳದಲ್ಲಿ ಅದು ಮೊದಲೇ 100ರ ಹತ್ತಿರ, ವ್ಯತ್ಯಾಸ ಕಾಣದು. 8ನೇ ತರಗತಿಯ ಓದು-ಬರಹ, ಹಾಜರಿ ನೋಡಿ.

ಉತ್ತರ 3: ಭಾಷೆಯ ಮಾತೂ ಇದೆ. ಸುತ್ತೋಲೆ, ಕೈಪಿಡಿ ಮಲಯಾಳದಲ್ಲಿದ್ದರೆ ಕನ್ನಡದಲ್ಲೇ ಓದಿ ಬಂದವರಿಗೆ ಅರ್ಧ ಗಮನ ಪದಗಳಿಗೇ ಹೋಗುತ್ತದೆ. ಸರಕಾರಿ ಹೈಸ್ಕೂಲಿನಲ್ಲಿ ಬಡ್ತಿ ಸಿಕ್ಕಿದ ಕೂಡಲೇ ಸಂಬಳದ ಬಿಲ್ಲಿನ ಹೊಣೆಯೂ ಹೆಗಲಿಗೆ. ಆ ಬಿಲ್ ಮಾಡುವ ಕೇರಳ ಸರಕಾರದ ಆನ್‌ಲೈನ್ ವ್ಯವಸ್ಥೆ ಸ್ಪಾರ್ಕ್ ಬಗ್ಗೆ ಉಪನ್ಯಾಸ ಬೇಡ, ಕಂಪ್ಯೂಟರಿನ ಮುಂದೆ ಕೂರಿಸಿ ಒಂದು ಮಾದರಿ ಬಿಲ್ ಮಾಡಿಸಿ.