ಸಣ್ಣ ಹಾಯಿದೋಣಿಯಲ್ಲಿ ಹಡಗಿನ ದಾರಿ ದಾಟಬೇಕು, ಬಲ್ಲವರು ಹೇಳಿ

ಕೇಳಿದವರು, ಗಂಗಾವತಿ:
ಊರು ಗಂಗಾವತಿ, ಕೆಲಸ ಮುಂಬೈಯಲ್ಲಿ. ಇಲ್ಲಿಗೆ ಬಂದ ಮೇಲೆ ಹಾಯಿದೋಣಿ ನಡೆಸೋದು ಕಲಿತೆ. ಮುಂದಿನ ಭಾನುವಾರ ಇಬ್ಬರು ಗೆಳೆಯರ ಜೊತೆ 22 ಅಡಿ ದೋಣಿಯಲ್ಲಿ ಗೇಟ್‌ವೇ ಆಫ್ ಇಂಡಿಯಾ ಕಡೆಯಿಂದ ನೀರಿನಾಚೆ ದಡದ ಮಾಂಡ್ವಾಕ್ಕೆ ಹೋಗುವ ಯೋಚನೆ ಇದೆ. ನಡುವೆ ಬಂದರಿಗೆ ಬರುವ ದೊಡ್ಡ ಹಡಗುಗಳ ಚಾನೆಲ್, ಅಂದರೆ ಅವು ಓಡಾಡುವ ಆಳ ನೀರಿನ ದಾರಿ, ಅಡ್ಡ ಸಿಗುತ್ತೆ. ಎಂಜಿನ್ ಹಡಗೇ ಹಾಯಿದೋಣಿಗೆ ದಾರಿ ಬಿಡಬೇಕು ಅಂತ ಓದಿದ್ದೆ. ಅದು ಅಲ್ಲೂ ನಡೆಯುತ್ತಾ? ನಮ್ಮ ಕಡೆಯವರು ಯಾರಾದರೂ ಹಡಗಿನಲ್ಲಿ ಇದ್ದವರಿದ್ದರೆ ಅನುಭವ ಹೇಳಿ.

ಕೊಪ್ಪಳದಿಂದ:
ಇಪ್ಪತ್ತು ವರ್ಷ ಸರಕು ಹಡಗಿನಲ್ಲಿ ಡೆಕ್ ಅಧಿಕಾರಿಯಾಗಿದ್ದೆ, ಈಗ ಊರಲ್ಲೇ ಇದ್ದೀನಿ. ನಿಮ್ಮ ಕೊನೇ ಪ್ರಶ್ನೆಗೆ ಮೊದಲು ಉತ್ತರ: ನಡೆಯಲ್ಲ. ನೀವು ಓದಿದ್ದು 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ 18ನೆಯದು. ಅದೇ ಪುಸ್ತಕದ 9ನೇ ನಿಯಮವನ್ನೂ ಓದಿ. ಇಕ್ಕಟ್ಟಾದ ಚಾನೆಲ್ ಬಿಟ್ಟು ಆಚೆ ಈಚೆ ಹೋಗಲಾರದ ಹಡಗಿಗೆ, 20 ಮೀಟರ್‌ಗಿಂತ ಚಿಕ್ಕ ದೋಣಿಯಾಗಲಿ ಹಾಯಿದೋಣಿಯಾಗಲಿ ಅಡ್ಡಿ ಮಾಡಬಾರದು. ನಿಮ್ಮದು ಎರಡೂ ಹೌದು.

ಹಡಗಿನ ಮೂತಿಯ ಮುಂದಿನ ನೀರು ಬ್ರಿಜ್ ಮೇಲೆ, ಅಂದರೆ ಹಡಗು ನಡೆಸುವ ಎತ್ತರದ ಕೋಣೆಯಲ್ಲಿ, ನಿಂತವನಿಗೆ ಕಾಣಲ್ಲ. 500 ಮೀಟರ್‌ವರೆಗೆ ಹಾಗೆ ಮರೆಯಾಗಲು ನಿಯಮದಲ್ಲೇ ಅವಕಾಶ ಇದೆ. ಒಂದು ಸಲ ನಾವು ಬಂದರಿನೊಳಗೆ ಬರ್ತಿದ್ದಾಗ ಬಿಳಿ ಹಾಯಿಯೊಂದು ಮೂತಿಯ ಕೆಳಗೆ ಹೋಗಿ ಮಾಯವಾಯ್ತು. ‘ನಿನ್ನ ಉದ್ದೇಶ ತಿಳೀತಿಲ್ಲ’ ಅನ್ನೋ ಐದು ಗಿಡ್ಡ ಸೀಟಿ ಹಾಕಿ ಆಗಿತ್ತು. ಪಕ್ಕಕ್ಕೆ ತಿರುಗಿಸಿದರೆ ಮರಳ ದಿಬ್ಬ. ಎಂಜಿನ್ ಹಿಂದಕ್ಕೆ ಹಾಕಿದರೂ ಅಷ್ಟು ಭಾರದ ಹಡಗು ತಕ್ಷಣ ನಿಲ್ಲಲ್ಲ. ಆ ಹಾಯಿ ಇನ್ನೊಂದು ಮಗ್ಗುಲಲ್ಲಿ ಕಾಣೋವರೆಗೆ ನಮ್ಮಲ್ಲಿ ಯಾರೂ ಮಾತಾಡಲಿಲ್ಲ. ಅದರಲ್ಲಿದ್ದ ಇಬ್ಬರು ಆಗಷ್ಟೇ ತಲೆ ಎತ್ತಿ ನಮ್ಮನ್ನು ನೋಡಿದರು. ಅಗಲವಾದ ಮುಂದಿನ ಹಾಯಿ ಅವರ ಕಣ್ಣಿಗೆ ಇಡೀ ಹಡಗನ್ನೇ ಮರೆಮಾಡಿತ್ತು. ಹಾಗಾಗಿ ನಿಮ್ಮ ಮೂವರಲ್ಲಿ ಒಬ್ಬರಿಗೆ ಬೇರೆ ಕೆಲಸ ಬೇಡ, ಬಗ್ಗಿ ಹಾಯಿಯ ಕೆಳಗಿಂದ ನೋಡ್ತಾ ಇರಲಿ.

ಲೆಕ್ಕ ಹಾಕಿ ನೋಡಿ. 12 ನಾಟ್‌ನಲ್ಲಿ, ಅಂದರೆ ಗಂಟೆಗೆ 12 ನಾಟಿಕಲ್ ಮೈಲು ವೇಗದಲ್ಲಿ, ಬರೋ ಹಡಗು ಒಂದು ನಾಟಿಕಲ್ ಮೈಲು, ಅಂದರೆ 1852 ಮೀಟರ್, ಐದು ನಿಮಿಷದಲ್ಲಿ ಮುಗಿಸುತ್ತೆ. ನೀವು 4 ನಾಟ್‌ನಲ್ಲಿ ಅರ್ಧ ಮೈಲು ದಾಟಲು ಏಳೂವರೆ ನಿಮಿಷ ಬೇಕು. ಅಷ್ಟರಲ್ಲಿ ಅದು ಒಂದೂವರೆ ಮೈಲು ಬಂದಿರುತ್ತೆ. ದೂರ ಇದೆ ಅಂತ ಅನ್ನಿಸಿದರೂ ಮುಂದೆ ನುಗ್ಗಬೇಡಿ, ಅದು ಹೋಗಲಿ, ಹಿಂದಿನಿಂದ ದಾಟಿ. ಅನುಮಾನ ಬಂದರೆ ಕೈ ದಿಕ್ಸೂಚಿ ಹಿಡಿದು ನೋಡಿ. ಹಡಗು ದೊಡ್ಡದಾಗ್ತಾ ಬಂದು, ಅದು ಕಾಣುವ ದಿಕ್ಕು ಮಾತ್ರ ಬದಲಾಗದೇ ಇದ್ದರೆ ಡಿಕ್ಕಿಯ ದಾರಿಯಲ್ಲೇ ಇದ್ದೀರಿ.

ಆನೆಗುಂದಿಯಿಂದ:
ನಮ್ಮದು ಹರಿಗೋಲು ಹಾಕೋ ಮನಿತನ. ಹಡಗು ನಾ ಕಂಡಿಲ್ರಿ, ಆದ್ರ ಹರಿಯೋ ನೀರು ಗೊತ್ತೈತಿ. ಹೊಳಿ ತುಂಬಿದಾಗ ನಾವು ಇದ್ದಲ್ಲಿಂದನ ಆಚಿ ದಂಡಿಗೆ ಹೊರಡಂಗಿಲ್ಲ. ದಂಡಿ ಗುಂಟ ಹರಿಗೋಲು ಮ್ಯಾಲಕ್ಕ ಎಳಕೊಂಡು ಹೋಗಿ, ಅಲ್ಲಿಂದ ಹುಟ್ಟು ಹಾಕ್ತೀವಿ. ಸೆಳವು ಎಷ್ಟು ಒಯ್ದರೂ ಇಳಿಯೋ ಜಾಗಕ್ಕ ಮುಟ್ತೀವಿ. ಸಮುದ್ರದಾಗ ಸೆಳವು ಇರ್ತೈತೇನ್ರಿ?

ಕೊಪ್ಪಳದಿಂದ:
ಇರ್ತೈತಿ, ಭರತ ಇಳಿತದ ಸೆಳವು. ಹುಣ್ಣಿಮೆ ಅಮಾವಾಸ್ಯೆ ಹೊತ್ತಿಗೆ ಮುಂಬೈಯಲ್ಲಿ ನೀರು ಕೆಲವು ಸಲ ನಾಲ್ಕು ಮೀಟರ್‌ಗೂ ಹೆಚ್ಚು ಏರಿಳಿಯುತ್ತೆ. ನೀವು ಹೇಳಿದ ಕ್ರಮವೇ ಸರಿ. ಸೆಳವಿನ ಲೆಕ್ಕವನ್ನು ಚಾನೆಲ್‌ನ ಹೊರಗೇ ಮುಗಿಸಿಕೊಳ್ಳಬೇಕು. ಒಳಗೆ ಹೊಕ್ಕ ಮೇಲೆ ಮೂತಿ ಚಾನೆಲ್‌ಗೆ ನೇರ ಅಡ್ಡ ಇರಲಿ, ಸೆಳವು ಒಯ್ದರೆ ಒಯ್ಯಲಿ. ಸೆಳವಿಗೆದುರಾಗಿ ಓರೆ ಹಿಡಿದರೆ ದಾಟೋದು ನಿಧಾನವಾಗುತ್ತೆ, ಹಡಗಿನವರಿಗೂ ನಿಮ್ಮ ಗುರಿ ತಿಳಿಯಲ್ಲ.

ಬಳ್ಳಾರಿಯಿಂದ:
ನನ್ನ ತಪ್ಪು ಹೇಳ್ತೀನಿ. ಗೋವಾದಲ್ಲಿ ಜುವಾರಿ ನದಿಯ ಬಾಯಲ್ಲಿ ಹಾಯಿ ಹಾಕಿ ಹೋಗ್ತಿದ್ದೆ. ಒಳ್ಳೆ ಗಾಳಿ ಇತ್ತು ಅಂತ ಎಂಜಿನ್ ಹಚ್ಚಿರಲಿಲ್ಲ. ಅದಿರು ಹೊತ್ತ ಬಾರ್ಜ್ (ಚಪ್ಪಟೆ ತಳದ ಸರಕು ದೋಣಿ) ಬರ್ತಿದ್ದಾಗಲೇ ಗಾಳಿ ಬಿದ್ದುಹೋಯ್ತು. ಹಗ್ಗ ಎಳೀತೀನಿ, ಎಳೀತೀನಿ, ಎಂಜಿನ್ ಕೆಮ್ಮುತ್ತೆ, ಹತ್ತಲ್ಲ. ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಗಾಳಿ ತಿರುಪು ತೆಗೆದೇ ಇರಲಿಲ್ಲ, ಪೆಟ್ರೋಲ್ ಇಳೀತಿರಲಿಲ್ಲ. ಬಾರ್ಜ್‌ನವರು ಪಕ್ಕಕ್ಕೆ ಸರಿದರು, ಅದಕ್ಕೇ ಇವತ್ತು ಬರೀತಿದ್ದೀನಿ. ಅದಿರಿನ ಲಾರಿ ನೋಡ್ತಾ ಬೆಳೆದವನು ನಾನು, ಭಾರ ಹೊತ್ತದ್ದು ಗಕ್ಕನೆ ನಿಲ್ಲಲ್ಲ ಅಂತ ಗೊತ್ತಿದ್ದೂ ಹಾಗೆ ಮಾಡಿದೆ. ಚಾನೆಲ್ ಹೊಕ್ಕುವ ಮುಂಚೆಯೇ ಎಂಜಿನ್ ಹಚ್ಚಿ, ಸುಮ್ಮನೆ ಓಡ್ತಾ ಇರಲಿ. ದೊಡ್ಡ ಹಡಗು ಪಕ್ಕದಲ್ಲಿ ಹಾದರೂ ಗಾಳಿ ಮರೆಯಾಗುತ್ತೆ.

ರಾಯಚೂರಿನಿಂದ:
ಹಡಗು ದೋಣಿಗಳು ಮಾತಾಡೋ ವಿಎಚ್‌ಎಫ್ ರೇಡಿಯೋವನ್ನು 16ನೇ ರೇಡಿಯೋ ಚಾನೆಲ್‌ನಲ್ಲಿಟ್ಟು ಕೇಳ್ತಾ ಇರಿ. ಹಡಗಿನ ದಾರಿಯ ಅಂಚು ತೋರಿಸೋ ತೇಲುಗುರುತು ಬೋಯಾ: ಬಂದರಿನೊಳಗೆ ಬರುವಾಗ ಕೆಂಪು ಬೋಯಾ ಎಡಕ್ಕೆ, ಹಸಿರು ಬಲಕ್ಕೆ. ಫೋನಿನಲ್ಲಿ ಹಡಗು ತೋರಿಸೋ ಆ್ಯಪ್ ತಡವಾಗಿ ತೋರಿಸುತ್ತೆ, ಕಣ್ಣನ್ನೇ ನಂಬಿ.

ಕೇಳಿದವರು:
ಹೋಗಿ ಬಂದೆವು. ಎಂಜಿನ್ ಹಚ್ಚಿಕೊಂಡು ಕೆಂಪು ಬೋಯಾದ ಹೊರಗೆ ಕಾದೆವು, ಕಂಟೇನರ್ ಹಡಗು ಹೋಯ್ತು. ಇನ್ನೇನು ಹೊರಡಬೇಕು, ಹಾಯಿಯ ಕೆಳಗೆ ಬಗ್ಗಿದ್ದ ಗೆಳೆಯ ‘ತಡಿ’ ಅಂದ. ಹಡಗಿನ ಹಿಂದೆಯೇ ಒಂದು ಟಗ್ (ಹಡಗು ಎಳೆಯುವ ಸಣ್ಣ ದೋಣಿ) ಬರ್ತಿತ್ತು. ಚುಕ್ಕಾಣಿ ಹಿಡಿದು ಕೂತಿದ್ದ ನನಗೆ ಅದು ಕಂಡೇ ಇರಲಿಲ್ಲ.