ಬೀಟ್ ಸಮಿತಿ ಮಾಡಿ ಅಂದಿದ್ದಾರೆ, ಹೇಗೆ ಶುರು ಮಾಡೋದು? ನಿಮ್ಮ ಅನುಭವ ಹೇಳಿ

ನಮ್ಮದು ತುಮಕೂರಿನ ಒಂದು ಹೊಸ ಬಡಾವಣೆ. ಇನ್ನೂರು ಮನೆ, ಹತ್ತಿರಹತ್ತಿರ ಅಷ್ಟೇ ಖಾಲಿ ಸೈಟು. ಎರಡು ತಿಂಗಳಲ್ಲಿ ಮೂರು ಬೈಕ್ ಹೋದವು, ಒಂದು ಮನೆಯ ಬೀಗ ಒಡೆದರು. ಠಾಣೆಗೆ ಹೋದಾಗ ಇನ್ಸ್‌ಪೆಕ್ಟರ್, "ನೀವೇ ಒಂದಷ್ಟು ಜನ ಸೇರಿ ಬೀಟ್ ಸಮಿತಿ ಮಾಡ್ಕೊಳ್ಳಿ, ಸಭೆಗೆ ನಾವೂ ಬರ್ತೀವಿ" ಅಂದರು. ಬೀಟ್ ಅಂದ್ರೆ ಒಬ್ಬ ಪೊಲೀಸ್ ಸಿಬ್ಬಂದಿ ಗಸ್ತು ನೋಡಿಕೊಳ್ಳೋ ಪ್ರದೇಶವಂತೆ. ನಮಗೆ ಇದೆಲ್ಲ ಹೊಸದು. ಯಾರನ್ನು ಸೇರಿಸಬೇಕು, ಏನು ಮಾಡಬಾರದು? ಮಾಡಿದವರು ದಯವಿಟ್ಟು ಹೇಳಿ.

ಮೈಸೂರಿನಿಂದ

ನಮ್ಮಲ್ಲಿ ಶುರುವಾಗಿದ್ದು ಸರಗಳ್ಳತನದಿಂದ. ಎದುರು ಮನೆಯ ಅಜ್ಜಿ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕ್ತಿದ್ದಾಗ ಬೈಕಲ್ಲಿ ಬಂದವರು ಸರ ಕಿತ್ತುಕೊಂಡು ಹೋದರು. ನಾನು ಓಡಿ ಬಂದಾಗ ರಂಗೋಲಿ ಡಬ್ಬ ರಸ್ತೆಯಲ್ಲಿ ಉರುಳಿತ್ತು. ಅಜ್ಜಿಯ ಕತ್ತಿನ ಸುತ್ತ ಕೆಂಪು ಗೆರೆ ಎದ್ದಿತ್ತು. ಅವತ್ತೇ ಎಲ್ಲರೂ ಠಾಣೆಗೆ ಹೋದೆವು. ವಾರದೊಳಗೆ ಸಮಿತಿ ಆಯ್ತು, ವಾಟ್ಸಾಪ್ ಗ್ರೂಪೂ ಆಯ್ತು. ಮೊದಲ ಸಭೆಗೆ ಅರವತ್ತು ಜನ ಬಂದರು. ಮೂರನೆಯದಕ್ಕೆ ಏಳು.

ಗ್ರೂಪಿನ ಬಗ್ಗೆ ಜಾಸ್ತಿ ಹೇಳಬೇಕು, ಯಾಕಂದ್ರೆ ನಾವು ಎಡವಿದ್ದೇ ಅಲ್ಲಿ. ನೀರು ಬಂದಿಲ್ಲ ಅನ್ನೋದರಿಂದ ಹಿಡಿದು ಹುಟ್ಟುಹಬ್ಬದ ಶುಭಾಶಯದವರೆಗೆ ಎಲ್ಲ ಅದರಲ್ಲೇ. ಬೀಟ್ ಕಾನ್‌ಸ್ಟೆಬಲ್ ಆ ಗ್ರೂಪ್ ನೋಡೋದನ್ನೇ ಬಿಟ್ಟರು. ಅವರನ್ನು ಹೇಗೆ ದೂರೋದು? ಆಮೇಲೆ ಒಂದು ಮಧ್ಯಾಹ್ನ ಯಾರೋ ಒಬ್ಬ ಹುಡುಗನ ಫೋಟೋ ಹಾಕಿ "ಅನುಮಾನ ಇದೆ, ಹುಷಾರು" ಅಂತ ಬರೆದರು. ಹತ್ತು ನಿಮಿಷದಲ್ಲಿ ನಮ್ಮ ಬೀದಿಯವರೇ ಅವನನ್ನು ಸುತ್ತುವರಿದಿದ್ದರು. ಬೆಡ್‌ಶೀಟ್ ಮಾರೋ ಹುಡುಗ. ಗಂಟು ಬಿಚ್ಚಿಸಿ ಒಂದೊಂದೇ ಬೆಡ್‌ಶೀಟ್ ಕೊಡವಿ ನೋಡಿದರು. ಅವನು ಅಳ್ತಾ ಮಣ್ಣಲ್ಲಿ ಬಿದ್ದಿದ್ದನ್ನು ಮಡಿಸಿಕೊಳ್ತಿದ್ದ. 2018ರಲ್ಲಿ ಮಕ್ಕಳ ಕಳ್ಳರು ಅನ್ನೋ ವಾಟ್ಸಾಪ್ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲೂ ಬೀದರ್ ಜಿಲ್ಲೆಯಲ್ಲೂ ಅಮಾಯಕರ ಜೀವ ಹೋಗಿದ್ದು ನೆನಪಿದೆ ಅಲ್ವಾ? ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮಾರನೇ ದಿನವೇ ತೀರ್ಮಾನ ಮಾಡಿದೆವು. ಯಾರ ಫೋಟೋವೂ ಗ್ರೂಪಿಗೆ ಬರಬಾರದು. ಯಾರನ್ನೂ ತಡೆದು ಕೇಳಬಾರದು. ಅನುಮಾನ ಬಂದರೆ 112ಕ್ಕೆ ಫೋನ್, ಅಷ್ಟೇ. ನೀವು ಇದನ್ನು ಮೊದಲ ಸಭೆಯಲ್ಲೇ ಬರೆದು ಎಲ್ಲರಿಂದ ಒಪ್ಪಿಗೆ ತಗೊಳ್ಳಿ.

ನಿಜವಾಗಿ ಕೆಲಸಕ್ಕೆ ಬಂದಿದ್ದು ಒಂದು ಸಂಜೆಯ ನಡಿಗೆ. ದೀಪ ಹತ್ತೋ ಹೊತ್ತಿಗೆ ಬೀಟ್ ಕಾನ್‌ಸ್ಟೆಬಲ್ ಜೊತೆ ಇಡೀ ಬಡಾವಣೆ ಸುತ್ತಿದೆವು. ಪೊದೆ ಬೆಳೆದ ಸೈಟುಗಳು, ಉರಿಯದ ಬೀದಿದೀಪ, ಹಿಂದಿನ ರಸ್ತೆಗೆ ನುಸುಳೋ ಕಾಂಪೌಂಡಿನ ಸಂದು, ಎಲ್ಲ ಅವರೇ ತೋರಿಸಿದರು. ಒಂಬತ್ತು ಜಾಗ ಪಟ್ಟಿ ಮಾಡಿದೆವು. ಅದರಲ್ಲಿ ಆರು ಪೊಲೀಸರ ಕೆಲಸವೇ ಅಲ್ಲ, ಪಾಲಿಕೆಯದು. ಆದರೆ ಠಾಣೆಯಿಂದಲೂ ಒಂದು ಪತ್ರ ಹೋದ ಮೇಲೆ ದೀಪ ಬೇಗ ಬಂತು.

ದಾವಣಗೆರೆಯಿಂದ

ನಾನು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತನಾದವನು. ಮೇಲಿನ ತಾಯಿ ಹೇಳಿದ ನಡಿಗೆ ತುಂಬಾ ಒಳ್ಳೆಯದು, ಅದರಿಂದಲೇ ಶುರು ಮಾಡಿ.

ನಮ್ಮ ಕಾಲದಲ್ಲಿ ಗಸ್ತಿನ ಪುಸ್ತಕ ಒಂದು ತಗಡಿನ ಡಬ್ಬಿಯಲ್ಲಿ ಇರ್ತಿತ್ತು. ರಾತ್ರಿ ಸೈಕಲ್ ತುಳಿದು ಹೋಗಿ ಟಾರ್ಚ್ ಹಿಡಿದು ಸಹಿ ಹಾಕಿ ಬರ್ತಿದ್ದೆವು. ಬೀದಿ ಗೊತ್ತು, ಬೀದಿಯ ಜನ ಗೊತ್ತಿಲ್ಲ. 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಬಂದ ಮೇಲೆ ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಬೀಟ್ ಅಂತ ಆಯ್ತು, ಬೀಟಿನಲ್ಲಿ ನಾಗರಿಕ ಸದಸ್ಯರೂ ಬಂದರು. 2025ರ ಜುಲೈಯಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಗಿದೆ. ನಿಮ್ಮ ಮನೆಗೆ ಬೀಟಿನವರು ಬಂದರೆ ಗೇಟಲ್ಲೇ ಮಾತು ಮುಗಿಸಬೇಡಿ. ಊರಿಗೆ ಹೋಗೋದು, ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರೋದು, ಇಂಥದ್ದನ್ನು ಅವರಿಗೆ ಹೇಳಿ. ಗ್ರೂಪಲ್ಲಿ ಹಾಕಬೇಡಿ.

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಸಭೆಯಲ್ಲಿ ಹೇಳಿದ್ರೆ ದೂರು ಕೊಟ್ಟ ಹಾಗಲ್ಲ. ನಿಮ್ಮ ಮೂರು ಬೈಕಿಗೂ ಎಫ್‌ಐಆರ್ ಆಗಿದೆಯಾ? ಮೊದಲು ಅದನ್ನು ನೋಡಿ. ಎಫ್‌ಐಆರ್ ಪ್ರತಿ ದೂರುದಾರರಿಗೆ ಉಚಿತವಾಗಿ ಕೊಡಲೇಬೇಕು. "ನಮ್ಮ ಸರಹದ್ದಲ್ಲ" ಅಂದರೂ ಝೀರೋ ಎಫ್‌ಐಆರ್ ದಾಖಲಿಸಬೇಕು. ಬೇರೆ ಅರ್ಜಿ ಕೊಟ್ಟರೆ ಸ್ವೀಕೃತಿ ತಗೊಳ್ಳಿ, ಅರ್ಜಿ ಮುಗಿಸಿದಾಗ ಹಿಂಬರಹ ಕೇಳಿ, ಅಂದ್ರೆ ಅರ್ಜಿ ಏನಾಯ್ತು ಅಂತ ಠಾಣೆಯವರು ಬರೆದುಕೊಡೋ ಉತ್ತರ. ಇದಕ್ಕೆ ಯಾವ ಒಳ್ಳೆ ಅಧಿಕಾರಿಯೂ ಬೇಜಾರು ಮಾಡಿಕೊಳ್ಳೋದಿಲ್ಲ.

ಇನ್ನೊಂದು, ಬೀಟಿನವರು ಎರಡು ವಾರ ಕಾಣಲಿಲ್ಲ ಅಂದರೆ ಬಹುಪಾಲು ಬಂದೋಬಸ್ತಿಗೆ ಹೋಗಿರ್ತಾರೆ. ಚುನಾವಣೆ, ಗಣೇಶ ಹಬ್ಬ, ಜಾತ್ರೆ, ಎಲ್ಲದಕ್ಕೂ ಅದೇ ಸಿಬ್ಬಂದಿ. ವರ್ಗಾವಣೆ ಆದರೆ ಹಳಬರಿಂದಲೇ ಹೊಸಬರ ಪರಿಚಯ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮತ್ತೆ ಮೊದಲಿಂದ.

ಕಾಸರಗೋಡಿನಿಂದ

ಇಲ್ಲಿ ಕೇರಳ ಪೊಲೀಸರ 'ಜನಮೈತ್ರಿ ಸುರಕ್ಷಾ' 2008ರಿಂದ ಇದೆ. ಬೀಟ್ ಆಫೀಸರ್ ಮನೆಮನೆಗೆ ಬಂದು ಪರಿಚಯ ಮಾಡಿಕೊಳ್ಳೋದೇ ಅದರ ಮೂಲ. ಅಪರಾಧದ ಹಿನ್ನೆಲೆ ಇರೋರನ್ನು ಸಮಿತಿಗೆ ಸೇರಿಸಬಾರದು ಅನ್ನೋ ನಿಯಮವಿದೆ. ನೀವೂ ಅದನ್ನು ಬಿಗಿಯಾಗಿ ಹಿಡಿಯಿರಿ. ಠಾಣೆಯಲ್ಲಿ ಕುರ್ಚಿ ಸಿಗುತ್ತೆ ಅಂತಲೇ ಸಮಿತಿಗೆ ಬರೋರು ಎಲ್ಲ ಊರಲ್ಲೂ ಇದ್ದಾರೆ.

ಬೆಂಗಳೂರಿನಿಂದ

ನಾನು ಬಾಡಿಗೆ ಮನೆಯವಳು, ಅದಕ್ಕೇ ಇದನ್ನು ಬರೀತಿದ್ದೀನಿ. ನಮ್ಮ ಏರಿಯಾ ಸಮಿತಿಯಲ್ಲಿ ಇದ್ದವರೆಲ್ಲ ಸ್ವಂತ ಮನೆಯ ಗಂಡಸರು. ಎರಡನೇ ಸಭೆಯಲ್ಲೇ ಮಾತು ಬಂದಿದ್ದು, ಮೇಲಿನ ಮನೆ ಹುಡುಗಿಯರು ರಾತ್ರಿ ಎಷ್ಟೊತ್ತಿಗೆ ಬರ್ತಾರೆ ಅಂತ. ಆ ಹುಡುಗಿಯರಲ್ಲಿ ನಾನೂ ಒಬ್ಬಳು. ರಾತ್ರಿ ಪಾಳಿ ಮುಗಿಸಿ ಬರೋಳು. ಕತ್ತಲ ರಸ್ತೆಯಲ್ಲಿ ಭಯ ಇದ್ದಿದ್ದು ನನಗೆ, ಆದರೆ ಅಲ್ಲಿ ಅನುಮಾನ ನನ್ನ ಮೇಲೇ. ಅವತ್ತು ಸಭೆಗೆ ಬಂದಿದ್ದ ಮಹಿಳಾ ಎಎಸ್‌ಐ "ಅದು ಇಲ್ಲಿ ಚರ್ಚೆ ಮಾಡೋ ವಿಷಯ ಅಲ್ಲ" ಅಂತ ಅಲ್ಲೇ ನಿಲ್ಲಿಸಿದರು. ಆಮೇಲೆ ನನ್ನನ್ನು ಹುಡುಕಿ, ಯಾವ ತಿರುವಲ್ಲಿ ಹೆದರಿಕೆ ಆಗುತ್ತೆ ಅಂತ ಕೇಳಿದರು. ಠಾಣೆಗೆ ಹೋಗೋ ಧೈರ್ಯ ನನಗೆ ಬಂದಿದ್ದು ಅವತ್ತು.

ದಯವಿಟ್ಟು ಬಾಡಿಗೆಯವರನ್ನು, ಹೆಂಗಸರನ್ನು ಸೇರಿಸಿ. ಬೆಳಿಗ್ಗೆ ಐದಕ್ಕೇ ಏಳೋರನ್ನೂ ಕರೀರಿ: ಹಾಲಿನವರು, ಪೇಪರ್ ಹುಡುಗರು, ಪೌರಕಾರ್ಮಿಕರು, ಆಟೋ ಸ್ಟ್ಯಾಂಡಿನವರು. ಬೀದಿ ಅವರಿಗೆ ಗೊತ್ತಿರೋಷ್ಟು ನಮಗೆ ಗೊತ್ತಿಲ್ಲ.

ಕೇಳಿದವರು ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ಬೈಕಿನಲ್ಲಿ ಎರಡಕ್ಕೆ ಮಾತ್ರ ಎಫ್‌ಐಆರ್ ಆಗಿದೆ ಅಂತ ಈಗ ವಿಚಾರಿಸಿದಾಗ ಗೊತ್ತಾಯ್ತು. ಮೂರನೆಯವರು ಬಾಡಿಗೆ ಮನೆಯ ಹುಡುಗ, ಠಾಣೆಗೆ ಹೋಗೋಕೆ ಹೆದರಿ ಸುಮ್ನಿದ್ದನಂತೆ. ನಾಳೆ ಅವನ ಜೊತೆ ನಾನೂ ಹೋಗ್ತಿದ್ದೀನಿ. ನಡಿಗೆ ಭಾನುವಾರ ಸಂಜೆ ಆರೂವರೆಗೆ. ಬೀಟ್ ಕಾನ್‌ಸ್ಟೆಬಲ್ ಬರ್ತೀನಿ ಅಂದಿದ್ದಾರೆ, ನಮ್ಮ ಹಾಲಿನವರೂ ಒಪ್ಪಿದ್ದಾರೆ.